ತುಂಗವ್ವನ ತೊಲೆ

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಒಬ್ಬರು ಗುರುಗಳು. ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯ ಭೀಮಶಿ. ಮರಗೆಲಸ ಬಲ್ಲವನು.

ಆಶ್ರಮದ ಮಕ್ಕಳಿಗೆ ಬಯಲಲ್ಲಿ ಒಂದು ಜೋಕಾಲಿ ಆಗಬೇಕಿತ್ತು.

"ಯಾವ ಮರ ಹಾಕ್ಲಿ ಅಜ್ಜಾರ?" ಎಂದು ಭೀಮಶಿ ಕೇಳಿದ.

"ಬಿಸಿಲಾಗ, ಮಳ್ಯಾಗ ನಿಲ್ಲೂ ಮರ."

"ಅಂಥಾವು ಭಾಳ ಅದಾವ್ರಿ."

"ಹಂಗಾರ ಬಡಿದು ನೋಡು. ಅದು ಏನಂತೈತಿ, ಅದನ್ನ ನಂಬು."

ಅಂಗಳದಲ್ಲಿ ಕರಿಜಾಲಿಯ ಒಂದು ದಿಮ್ಮಿ ಬಿದ್ದಿತ್ತು. ಹುಳ ಹಿಡಿಯಬಾರದೆಂದು ಮಳೆಗಾಲವೆಲ್ಲ ಮಡುವಿನಲ್ಲಿ ಮುಳುಗಿಸಿ, ಆಮೇಲೆ ನೆರಳಲ್ಲಿ ಒಣಗಿಸಿದ್ದು. ತುಸು ಸೊಟ್ಟ. ಇನ್ನೂ ಕೆಸರಿನ ನಾತ. ಭೀಮಶಿ ಕೊಡಲಿಯ ಹಿಂಬದಿಯಿಂದ ಬಡಿದ. ಟಣ್ ಎಂದಿತು.

ಅಷ್ಟರಲ್ಲಿ ಊರಿನ ರಾಯಗೌಡರ ಬಂಡಿ ಬಂತು. ಬಂಡಿಯಲ್ಲಿ ಸಾಗುವಾನಿ ತೊಲೆ. ನೇರ, ನುಣುಪು. ಅವರ ಪಡಸಾಲೆಯಲ್ಲಿ ತೂಗುಮಣೆ ಹೊತ್ತಿದ್ದ ತೊಲೆ ಅದು. ಗೌಡರ ಹೆಂಡತಿ ತುಂಗವ್ವ ದಿನಾ ಆ ಮಣೆಯ ಮೇಲೆ ಕೂತು ಬೇಳೆ ಆರಿಸುತ್ತಿದ್ದಳು. ಹೋದ ತಿಂಗಳು ತೀರಿಕೊಂಡಳು.

"ಆಕಿ ಹೆಸರಿಲೆ ಮಕ್ಕಳು ಆಡ್ಲಿ," ಎಂದರು ಗೌಡರು. "ಆ ನಾರೂ ಜಾಲಿ ಹೊಳಿಗೆ ಒಗಿ."

ಭೀಮಶಿ ತೊಲೆಯ ನಡುವೆ ಬಡಿದ. ಗಟ್ಟಿ. ತುದಿಗೆ ಬಡಿದ. ಡಬ್ ಎಂದಿತು. ಇನ್ನೊಮ್ಮೆ ಬಡಿದ. ಡಬ್.

ತಲೆ ಎತ್ತಿದ. ಗೌಡರು ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದರು. ಹೆಗಲು ಅಲುಗುತ್ತಿತ್ತು.

ಭೀಮಶಿ ಕೊಡಲಿ ಕೆಳಗಿಟ್ಟ.

"ಚೊಲೋ ಐತ್ರಿ ಗೌಡ್ರ," ಎಂದ.

ಎರಡು ಕಂಬ ನಿಂತವು. ತೊಲೆ ಮೇಲೇರಿತು. ಹಗ್ಗ ಇಳಿಯಿತು, ಹಗ್ಗಕ್ಕೆ ಮಣೆ ಬಂತು. ಮಕ್ಕಳು ಓಡಿ ಬಂದರು.

"ನಾ ಮೊದ್ಲು. ನಿನ್ನೇನ ಹೇಳಿಟ್ಟೀನಿ," ಎಂದಳು ನಿಂಗಿ. ಎಲ್ಲರಿಗಿಂತ ಸಣ್ಣವಳು.

"ಯಾರಿಗೆ ಹೇಳಿದ್ದಿ, ಹೊಳಿಗೇನು?" ಎಂದಿತು ಇನ್ನೊಂದು ಮಗು.

ಗುರುಗಳು ಬಂದರು. ತಲೆ ಎತ್ತಿ ತೊಲೆ ನೋಡಿದರು. ನಿಂಗಿಯನ್ನು ಎತ್ತಿ ಮಣೆಯ ಮೇಲೆ ಕೂರಿಸಿದರು. ಎರಡೂ ಕೈಯಿಂದ ಮಣೆ ಹಿಡಿದು ಹಿಂದಕ್ಕೆ ಎಳೆದರು.

ಮೇಲೆ ತೊಲೆ ಕಿರ್ ಎಂದಿತು.

"ಭೀಮಶಿ, ಬಿಡ್ಲೇನು?"

ಭೀಮಶಿ ತೊಲೆಯ ತುದಿಯನ್ನೇ ನೋಡಿದ.

"ಬಿಡ್ರಿ ಅಜ್ಜಾರ," ಎಂದರು ಗೌಡರು. ಅವರು ನಗುತ್ತಿದ್ದರು. ಹೆಂಡತಿ ಹೋದ ಮೇಲೆ ಅದೇ ಮೊದಲ ನಗೆ.

"ನಿಮ್ಮನ್ನ ಕೇಳಲಿಲ್ಲ. ಭೀಮಶಿ, ಬಿಡ್ಲೇನು?"

"ಲಗೂನ ಬಿಡ್ರಿ," ಎಂದಳು ನಿಂಗಿ.

ಗುರುಗಳು ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಮಣೆ ಎದೆಯ ಮಟ್ಟಕ್ಕೆ ಬಂತು. ಅವರ ಒಂದು ಕೈ ಸಡಿಲವಾಯಿತು.

ಭೀಮಶಿ ಓಡಿ ಬಂದು ಹಗ್ಗ ಹಿಡಿದ.

"ಬ್ಯಾಡ್ರಿ. ತುದಿ ಟೊಳ್ಳೈತಿ."

ಗುರುಗಳು ನಿಂಗಿಯನ್ನು ಎತ್ತಿ ಕೆಳಗಿಳಿಸಿದರು. ಅವಳು ಭೀಮಶಿಯನ್ನು ದುರುಗುಟ್ಟಿ ನೋಡಿದಳು.

ಗೌಡರ ಮುಖ ಕಪ್ಪಿಟ್ಟಿತು. "ಟೊಳ್ಳು? ನಮ್ಮ ಮನಿ ತೊಲಿ?"

"ಗ್ವಾಡಿ ಒಳಗ ಹೂತಿದ್ದ ತುದಿರೀ. ಮಾಳಿಗಿ ಸೋರಿದ ನೀರು ಒಳಗ ಇಳದೈತಿ."

"ಬಡಿದಾಗ ಗೊತ್ತಾಗಿತ್ತೇನು?"

"ಗೊತ್ತಾಗಿತ್ರಿ."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ನೀವು ಅಳಾಕತ್ತಿದ್ರಿ."

ಗೌಡರು ಕೈಯಲ್ಲಿದ್ದ ಟವೆಲು ಹೆಗಲಿಗೆ ಹಾಕಿಕೊಂಡರು.

"ಇವರ ಕಣ್ಣೀರು ನೋಡಿದಿ," ಎಂದರು ಗುರುಗಳು. "ತೊಲಿ ಮಾತ್ರ ಕೂಸಿನ ತಲಿ ಮ್ಯಾಲೆ ಇಟ್ಟಿ."

ಭೀಮಶಿ ತಲೆ ತಗ್ಗಿಸಿದ. ಏಣಿ ಹಾಕಿ ಹತ್ತಿದ. ತೊಲೆ ಕೆಳಗಿಳಿಯಿತು.

ಗೌಡರು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತರು. ತುದಿಗೆ ಬೆರಳು ಒತ್ತಿದರು. ಬೆರಳು ಪೂರ್ತಿ ಒಳಗೆ ಹೋಯಿತು. ಹೊರಗೆಳೆದಾಗ ಪುಡಿ ಉದುರಿತು.

"ಆಕಿ ದಿನಾ ಇದರ ಕೆಳಗ ಕುಂದರ್ತಿದ್ಲು," ಎಂದರು.

ಆಚೆ ಭೀಮಶಿ ಜಾಲಿಯ ದಿಮ್ಮಿಯನ್ನು ಹೊರಳಿಸಿ ಬಾಚಿಯಿಂದ ಕೆತ್ತತೊಡಗಿದ. ಮರ ಗಟ್ಟಿ. ಒಂದೊಂದೇ ಚಕ್ಕೆ ಏಳುತ್ತಿತ್ತು.

ಗೌಡರು ಗುರುಗಳ ಕಡೆ ತಿರುಗಿದರು.

"ಇದನ್ನ ಮನಿಗೆ ಒಯ್ಯಾಕ ನನ್ನ ಕೈಲಿ ಆಗೂದಿಲ್ಲ. ಇಲ್ಲಿ ಏರಿಸಾಕೂ ಆಗೂದಿಲ್ಲ. ಏನು ಮಾಡ್ಲಿ ಅಜ್ಜಾರ?"

ಗುರುಗಳು ಮಕ್ಕಳ ಕಡೆ ನೋಡಿದರು.

"ಭೀಮಶಿ ಜಾಲಿ ಕೆತ್ತಿ ಮುಗಸೂದ್ರಾಗ ಇವು ಹಸೀತಾವ. ನಿಮಗ ಇದನ್ನ ಸೀಳಿ ಒಲಿ ಹಚ್ಚಾಕ ಬರತೈತೇನ್ರಿ ಗೌಡ್ರ?"