ತಂಬಿಗೆ ಮತ್ತು ಸೀತಾಳೆದಂಡೆ

ಜಗಲಿಯ ತೊಲೆಗೆ ತೂಗುಹಾಕಿದ್ದ ಮರದ ತುಂಡಿನ ಮೇಲೆ ಸೀತಾಳೆದಂಡೆಯ ಗಿಡವೊಂದು ಬೇರುಗಳನ್ನು ಗಾಳಿಗೆ ಇಳಿಬಿಟ್ಟುಕೊಂಡು ಬದುಕಿತ್ತು. ತುಳಸಿಗೆ ನೀರೆರೆಯುವ ತಾಮ್ರದ ತಂಬಿಗೆಗೆ ಅದನ್ನು ಕಂಡು ಕರುಳು ಚುರ್ರೆಂದಿತು.

"ಅಯ್ಯೋ ತಂಗೀ, ನಿನಗೆ ಹಿಡಿ ಮಣ್ಣೂ ಇಲ್ಲವಲ್ಲೇ!" ಎಂದು ತನ್ನಲ್ಲಿದ್ದ ನೀರನ್ನೆಲ್ಲ ಸುರಿಯಿತು. ಮರುದಿನವೂ ಸುರಿಯಿತು.

"ಸಾಕು ಅಕ್ಕಾ. ನನ್ನ ಬೇರು ತುಳಸಿಯದರಂತಲ್ಲ, ಗಾಳಿಯ ತೇವ ಕುಡಿಯುವಂಥದು."

"ಸಂಕೋಚ ಬೇಡ. ಗಾಳಿ ಕುಡಿದು ಯಾರ ಹೊಟ್ಟೆ ತುಂಬೀತು?" ತಂಬಿಗೆ ಇನ್ನಷ್ಟು ಸುರಿಯಿತು.

ಬೇರುಗಳು ಕಪ್ಪಾಗಿ, ಕೊಳೆತು ಉದುರಿದವು. ಕೊನೆಗೆ ಒಂದೇ ಒಂದು ಉಳಿಯಿತು. ತಂಬಿಗೆ ತನ್ನಲ್ಲಿ ತುಂಬಿದ್ದ ನೀರನ್ನು ಎರೆಯಲು ಧೈರ್ಯ ಸಾಲದೆ, ಬಿಟ್ಟುಹೋಗಲೂ ಮನಸ್ಸಾಗದೆ, ಆ ಬೇರಿನ ಕೆಳಗೇ ಸುಮ್ಮನೆ ಕೂತುಬಿಟ್ಟಿತು. ಬಿಸಿಲು ಬರುತ್ತಿತ್ತು, ಹೋಗುತ್ತಿತ್ತು. ಮಂಪರಿನಲ್ಲಿ ಅದಕ್ಕೆ ಮೈ ಹಗುರಾಗಿ ಮೇಲಕ್ಕೆ ತೇಲುತ್ತಿರುವಂಥ ಕನಸು.

ಹಾಗೆ ಎಷ್ಟು ಕಾಲ ಕಳೆಯಿತೋ! ಒಂದು ಬೆಳಗ್ಗೆ ಕಣ್ತೆರೆದರೆ ಬೇರಿನ ತುದಿ ಹಸಿರಾಗಿತ್ತು. ನೇರಳೆ ಹೂಗೊಂಚಲೊಂದು ಬಾಗಿ ತಂಬಿಗೆಯ ಕಂಠವನ್ನು ಮುಟ್ಟುತ್ತಿತ್ತು.

"ನಾನು ಏನೂ ಕೊಡಲಿಲ್ಲವಲ್ಲ, ತಂಗೀ?"

"ಪಕ್ಕದಲ್ಲೇ ಇದ್ದೆಯಲ್ಲ, ಅಕ್ಕಾ."

ತಂಬಿಗೆ ತನ್ನೊಳಗೆ ಇಣುಕಿ ನೋಡಿಕೊಂಡಿತು. ಒಂದು ಹನಿಯೂ ಉಳಿದಿರಲಿಲ್ಲ.