ನಾಲ್ಕು ಸ್ಕ್ರೂ

"ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಅದು ಚಾಡಿ ಹೇಗಾಗುತ್ತದೆ, ಗುರುಗಳೇ?" ಎಂದು ಗುರುಪಾದ ಕೇಳಿದ.

ಕೇಳಲು ಕಾರಣವಿತ್ತು. ಮಠದಲ್ಲಿ ಅವನ ಜೊತೆ ಓದುವ ಅಡಿವೆಪ್ಪ ಒಂದು ತಿಂಗಳಿಂದ ಪಾಠದ ಹೊತ್ತಿನಲ್ಲಿ ತೂಕಡಿಸುತ್ತಿದ್ದ. ನಸುಕಿನಲ್ಲಿ ಅವನ ಹಾಸಿಗೆ ಖಾಲಿ ಇರುತ್ತಿತ್ತು. ಬೆನ್ನುನೋವೆಂದು ನೀರು ಸೇದುವ ಸರದಿ ಬಿಟ್ಟಿದ್ದ ಗುರುಪಾದನಿಗೆ ಮಲಗಿದಲ್ಲಿಂದಲೇ ಇಷ್ಟೆಲ್ಲ ಕಾಣುತ್ತಿತ್ತು. ಊಟದ ಪಂಕ್ತಿಯಲ್ಲಿ ಎಲ್ಲರ ಕಿವಿಗೆ ಬೀಳುವಂತೆ, "ನಮ್ಮ ಅಡಿವೆಪ್ಪನಿಗೆ ಊರೊಳಗೆ ಯಾರೋ ಇದ್ದಾರೆ" ಎಂದುಬಿಟ್ಟಿದ್ದ. ಎಲೆ ಎತ್ತುವುದರೊಳಗೆ ಮಾತು ಮಠದ ಬಾಗಿಲು ದಾಟಿತ್ತು. ಮಗನನ್ನು ಮಠ ಬಿಡಿಸಿ ಕರೆದೊಯ್ಯಲು ಅಡಿವೆಪ್ಪನ ತಂದೆ ಮರುದಿನ ಬರುವವನಿದ್ದ.

ಗುರುಗಳು ಬೈಯಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಏರುರಸ್ತೆಯ ಬುಡದಲ್ಲಿ ಅವನ ಅಂಗಡಿ. ಎದುರಿಗೇ ಚಹಾದಂಗಡಿ. ಯಾವ ಮೊಪೆಡ್ ಬಂದರೂ ಕೂತಲ್ಲೇ ಸದ್ದು ಕೇಳಿ ರೋಗ ಹೇಳುತ್ತಿದ್ದ. ಗಾಡಿಯ ರೋಗ ಹೇಳಿ ಮುಗಿಸಿದ ಮೇಲೆ ಗಾಡಿಯವನ ರೋಗವನ್ನೂ ಹೇಳುತ್ತಿದ್ದ. ಎದುರಿನ ಬೆಂಚು ತುಂಬುತ್ತಿದ್ದದ್ದು ಚಹಾದ ರುಚಿಗಲ್ಲ, ಆ ಎರಡನೆಯದಕ್ಕೆ.

ಒಂದು ದಿನ ಸೀರೆ ವ್ಯಾಪಾರಿಯೊಬ್ಬ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅವಳ ತವರಿಗೆ ಹೊರಟಿದ್ದ. ಏರಿನಲ್ಲಿ ಮೊಪೆಡ್ ಅರಚಿತು. ಅರಚಿತೇ ಹೊರತು ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಬಂತು. ಇಬ್ಬರೂ ಇಳಿದು ತಳ್ಳಿಕೊಂಡು ಮೆಕ್ಯಾನಿಕ್‌ನ ಮುಂದೆ ತಂದು ನಿಲ್ಲಿಸಿದರು.

ಎಂಜಿನ್ ಅರಚಿಯೂ ಚಕ್ರ ತಿರುಗದಿದ್ದರೆ ಜಾರುತ್ತಿರುವುದು ಎರಡರಲ್ಲಿ ಒಂದು. ಕ್ಲಚ್ಚು, ಇಲ್ಲವೇ ಬೆಲ್ಟು. ಹೊರಗೆ ಕೇಳುವವರಿಗೆ ಎರಡರ ಕೂಗೂ ಒಂದೇ. ಪಕ್ಕದ ಮುಚ್ಚಳ ತೆಗೆದು, ಹಿಂದಿನ ಬ್ರೇಕ್ ಹಿಡಿದು, ಎಂಜಿನ್ ಏರಿಸಿ ನೋಡಬೇಕು. ಬೆಲ್ಟು ಸುತ್ತಿದ ಪುಲ್ಲಿಯೇ ತಿರುಗದೆ ನಿಂತಿದ್ದರೆ ಕ್ಲಚ್ಚು ಸವೆದಿದೆ. ಪುಲ್ಲಿ ತಿರುಗಿ ಬೆಲ್ಟು ಮಾತ್ರ ನಿಂತಿದ್ದರೆ ತಪ್ಪು ಬೆಲ್ಟಿನದು. ಮುಚ್ಚಳಕ್ಕಿರುವುದು ನಾಲ್ಕೇ ಸ್ಕ್ರೂ.

ಮೆಕ್ಯಾನಿಕ್ ಆ ನಾಲ್ಕು ಸ್ಕ್ರೂ ಬಿಚ್ಚಲಿಲ್ಲ. ಮೂಗು ಹತ್ತಿರ ತಂದು ಮೂಸಿದ. ಎದುರಿನ ಬೆಂಚಿನ ಕಡೆ ಒಮ್ಮೆ ನೋಡಿದ.

"ಕ್ಲಚ್ ಸುಟ್ಟುಹೋಗಿದೆ ಸಾಹುಕಾರ್ರೇ. ಇವತ್ತೊಂದಿನಕ್ಕೆ ಸುಟ್ಟಿದ್ದಲ್ಲ ಇದು. ದಿನಾ ಹಿಂದೆ ಯಾರೋ ಕೂರ್ತಾರೆ. ದಿನಾ ಏರು ಹತ್ತಿಸಿದ್ದೀರಿ."

"ಯಾರೂ ಕೂರಲ್ಲಪ್ಪಾ. ಸೀರೆ ಗಂಟು ಒಂದೇ."

"ಗಂಟೇ ಇರಬಹುದು. ಗಂಟಿಗೆ ಸೀರೆ ಉಡಿಸಿದ್ದರೋ ಏನೋ."

ಬೆಂಚು ನಕ್ಕಿತು. ಆ ಏರಿನ ಮೇಲೆ ಇದ್ದದ್ದು ಒಂದೇ ಮನೆ. ಗಂಡ ಸತ್ತ ಹೆಣ್ಣುಮಗಳೊಬ್ಬಳು ಅಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುತ್ತಿದ್ದಳು. ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ವ್ಯಾಪಾರಿಯ ಹೆಂಡತಿ ಗಂಡನ ಮುಖ ನೋಡಿದಳು. "ಗಾಡಿಗೆ ಇಬ್ಬರ ಭಾರ ತಡೆಯಲ್ಲ ಅಂತ ಹನ್ನೊಂದು ವರ್ಷ ನನ್ನನ್ನ ಬಸ್ಸಿಗೆ ಹತ್ತಿಸಿದಿರಿ. ಇವತ್ತು ನಾನೇ ಹಟ ಮಾಡಿ ಕೂತೆ. ನನಗೆ ತಡೆಯದ ಗಾಡಿ ಯಾರಿಗೆ ತಡೀತು?"

ತಪ್ಪು ಮಾಡದವನಿಗೆ ಉತ್ತರ ಸಿದ್ಧವಿರುವುದಿಲ್ಲ. ಅವಳು ಸೆರಗು ಬಿಗಿದುಕೊಂಡು ಬಸ್ಸಿಗೆ ನಡೆದಳು. ತವರು ಸೇರಿದವಳು ತಿರುಗಿ ಬರಲಿಲ್ಲ.

ಅವರೆಲ್ಲ ಹೋದ ಮೇಲೆ ಮೆಕ್ಯಾನಿಕ್ ಮುಚ್ಚಳ ಬಿಚ್ಚಿದ. ಕ್ಲಚ್ಚು ಹೊಸದರಂತೆ ದಪ್ಪಗೆ, ಗಟ್ಟಿಯಾಗಿ ಕೂತಿತ್ತು. ಜಾರುತ್ತಿದ್ದದ್ದು ಬೆಲ್ಟು. ಹಾವಿನ ಹೊಟ್ಟೆಯಂತೆ ನುಣ್ಣಗಾಗಿತ್ತು. ಬೆರಳಿಗೆ ಎಣ್ಣೆ ಹತ್ತಿತು. ಎಣ್ಣೆಯ ಜೊತೆ ಕುಂಕುಮವೂ ಹತ್ತಿತು.

ಆ ಕುಂಕುಮ ಯಾರದೆಂದು ಅವನಿಗೆ ಗೊತ್ತಿತ್ತು. ಆಯುಧಪೂಜೆಗೆ ಊರಿನವರು ಮೊಪೆಡ್‌ಗಳನ್ನು ಅವನ ಅಂಗಡಿಗೇ ತರುತ್ತಿದ್ದರು. ಪೂಜೆಯ ದಿನ ಗಾಡಿ ಕಿರ್ರೆಂದರೆ ಶುಭವಲ್ಲವೆಂದು, ಕಿರುಗುಟ್ಟುವ ಬೆಲ್ಟುಗಳಿಗೆಲ್ಲ ಅವನೇ ದೀಪದ ಎಣ್ಣೆ ಸವರಿದ್ದ. ಅಂದು ಸದ್ದು ನಿಂತಿತ್ತು. ಎಲ್ಲರೂ ಅವನ ಕೈಗುಣ ಹೊಗಳಿದ್ದರು. ಬರಬರುತ್ತ ಎಣ್ಣೆಗೆ ಧೂಳು ಸೇರಿ, ಬೆಲ್ಟು ಹಿಡಿತ ಬಿಟ್ಟಿತ್ತು.

ಈಗ ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ. ಅವನು ಹೊಸ ಬೆಲ್ಟು ಹಾಕಿದ. ಗಟ್ಟಿಮುಟ್ಟಾಗಿದ್ದ ಕ್ಲಚ್ಚನ್ನೂ ಬಿಚ್ಚಿ ಚರಂಡಿಗೆ ಎಸೆದು ಹೊಸದು ಕೂರಿಸಿದ. ಚಹಾದಂಗಡಿಯಲ್ಲಿ, "ಪೂರ್ತಿ ಬೂದಿ ಕಣ್ರಪ್ಪಾ, ಎಷ್ಟು ದಿನದ ವ್ಯವಹಾರವೋ" ಎಂದ.

ಒಂದು ವಾರಕ್ಕೆ ನಾಟಿವೈದ್ಯನ ಮೊಪೆಡ್ ಅದೇ ಏರಿನಲ್ಲಿ ಅರಚಿತು. ಎಪ್ಪತ್ತು ದಾಟಿದ ಮುದುಕ. ಬೆಂಚಿನವರು ಅವನನ್ನೂ ಬಿಡಲಿಲ್ಲ. "ವೈದ್ಯರೇ, ಔಷಧಿ ಕೊಡೋಕೆ ಹೋಗ್ತೀರೋ, ತಗೊಳ್ಳೋಕೆ ಹೋಗ್ತೀರೋ?" ಎಂದರು. ವೈದ್ಯ ಮನೆಯಿಂದ ಹೊರಬರುವುದನ್ನೇ ಬಿಟ್ಟ. ಮೆಕ್ಯಾನಿಕ್ ಅಂಗಡಿಯ ಹಿಂದೆ ಕೂತು ಬೆಲ್ಟು ಬದಲಿಸಿದ. ಬಾಯಿ ಬಿಡಲಿಲ್ಲ.

ಅದಾದ ಮೂರನೆಯ ದಿನ ಅರಚಿದ್ದು ಅವನ ಮಗಳ ಮೊಪೆಡ್. ಅವಳಿಗೆ ಆಗಷ್ಟೇ ಗಂಡು ಗೊತ್ತಾಗಿತ್ತು. ಏರಿನ ಮಧ್ಯದಲ್ಲಿ ನಿಂತು, ತಳ್ಳಲಾರದೆ, ಅಪ್ಪನ ಕಡೆ ನೋಡಿದಳು. ಬೆಂಚಿನಲ್ಲಿ ಅವತ್ತು ಗಂಡಿನ ಸೋದರಮಾವನೂ ಕೂತಿದ್ದ.

ಚಹಾದಂಗಡಿಯವನು ಲೋಟ ತೊಳೆಯುತ್ತಲೇ ಕೇಳಿದ, "ಇದೂ ಇವತ್ತೊಂದಿನಕ್ಕೆ ಸುಟ್ಟಿದ್ದಲ್ಲ ಅನ್ಸುತ್ತೆ. ಅಲ್ವಾ ಮೇಸ್ತ್ರಿ? ದಿನಾ ಯಾರು ಕೂರ್ತಾರೆ ಹಿಂದೆ?"

ಅವನದೇ ಮಾತು, ಅವನದೇ ದನಿ. ಸೋದರಮಾವ ಲೋಟ ಕೆಳಗಿಟ್ಟ.

ಮೆಕ್ಯಾನಿಕ್ ಓಡಿಹೋಗಿ ಗಾಡಿಯನ್ನು ಬೆಂಚಿನ ಮುಂದಕ್ಕೆ ತಂದ. ಎಲ್ಲರ ಎದುರಿಗೆ ನಾಲ್ಕು ಸ್ಕ್ರೂ ಬಿಚ್ಚಿದ. ಅವಸರದಲ್ಲಿ ಎರಡು ಮಣ್ಣಿಗೆ ಬಿದ್ದವು. ಬ್ರೇಕ್ ಹಿಡಿದು ಎಂಜಿನ್ ಏರಿಸಿದ. ಪುಲ್ಲಿ ತಿರುಗಿತು, ಬೆಲ್ಟು ನಿಂತೇ ಇತ್ತು. ಬೆರಳಿನಿಂದ ಬೆಲ್ಟಿನ ಎಣ್ಣೆ ಒರೆಸಿ ತೋರಿಸಿದ. "ಹಚ್ಚಿದವನು ನಾನು. ಇವಳದಕ್ಕೂ, ವೈದ್ಯರದಕ್ಕೂ, ಸಾಹುಕಾರರದಕ್ಕೂ. ಯಾರ ಹಿಂದೆಯೂ ಯಾರೂ ಕೂತಿರಲಿಲ್ಲ" ಎಂದ.

ಸೋದರಮಾವ ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡ.

ಅಂದೇ ಮೆಕ್ಯಾನಿಕ್ ವ್ಯಾಪಾರಿಯ ಗಾಡಿಯಿಂದ ತೆಗೆದಿದ್ದ ಹಳೆಯ ಬೆಲ್ಟು ಹಿಡಿದು ಅವನ ಹೆಂಡತಿಯ ತವರಿಗೆ ಹೋದ. ಹೊಸ್ತಿಲ ಹೊರಗೇ ನಿಂತು ನಡೆದದ್ದೆಲ್ಲ ಹೇಳಿದ. ಅವಳು ಬೆಲ್ಟನ್ನು ಮುಟ್ಟಲಿಲ್ಲ.

"ಮುಚ್ಚಳ ಯಾವತ್ತು ತೆಗೆದೆ?" ಎಂದಳು.

"ಅವತ್ತೇ, ತಾಯಿ."

"ಹಾಗಿದ್ದರೆ ನನಗೆ ಹೇಳೋಕೆ ನಿನ್ನ ಮಗಳ ಗಾಡಿ ಕೆಡಬೇಕಾಯ್ತು."

ಅವನು ತಲೆ ತಗ್ಗಿಸಿ ಬಂದ ದಾರಿ ಹಿಡಿದ. ಅವಳು ಗಂಡನ ಮನೆಗೆ ಮರಳಿದಳು, ಆದರೆ ಬಸ್ಸಿನಲ್ಲೇ ಮರಳಿದಳು. ವ್ಯಾಪಾರಿ ಇವತ್ತಿಗೂ ಆ ಅಂಗಡಿ ಹತ್ತಿರ ಬಂದಾಗ ಎಂಜಿನ್ ಆರಿಸಿ, ಸದ್ದಾಗದಂತೆ ಪೆಡಲ್ ತುಳಿದು ದಾಟುತ್ತಾನೆ. ಏರಿನ ಮೇಲಿನ ಮನೆಗೆ ಬೀಗ ಬಿದ್ದಿದೆ. ಆ ಹೆಣ್ಣುಮಗಳು ಯಂತ್ರ ಹೊತ್ತು ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿಯದು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

ಗುರುಪಾದನಿಗೆ ಕತೆ ತನ್ನ ಹತ್ತಿರ ಬಂದು ನಿಂತಂತೆ ಅನಿಸಿತು. ಆದರೂ ಸೋಲಲಿಲ್ಲ. "ಆ ಮೆಕ್ಯಾನಿಕ್ ತಾನೇ ಎಣ್ಣೆ ಹಚ್ಚಿದ್ದ, ಗುರುಗಳೇ. ಅವನಿಗೆ ನಾಚಿಕೆಯಾಗಬೇಕಾದದ್ದೇ. ನಾನು ಅಡಿವೆಪ್ಪನಿಗೆ ಏನು ಮಾಡಿದ್ದೇನೆ? ಅವನ ಹಾಸಿಗೆ ಖಾಲಿ ಇದ್ದದ್ದಂತೂ ನಿಜವಲ್ಲವೇ?"

ಗುರುಗಳು ಅಂಗಳದ ಕಡೆ ನೋಡಿದರು. ಅಲ್ಲಿ ನೀರಿನ ತೊಟ್ಟಿ ಅಂಚಿನವರೆಗೆ ತುಂಬಿ ನಿಂತಿತ್ತು.

"ನಿನಗೆ ಬೆನ್ನು ನೋವು ಬಂದ ದಿನದಿಂದ, ನೀನು ಏಳುವುದರೊಳಗೆ ಆ ತೊಟ್ಟಿ ತುಂಬಿಸುತ್ತಿರುವವರು ಯಾರು, ಗುರುಪಾದ?"