ಮಾಳಮ್ಮ ಉಗಿದ ಬಂಡೆ

ಮುತ್ತುಗದಹಾಳಿನ ಪಡುವಣಕ್ಕಿರುವ ಕರಿಗುಡ್ಡಕ್ಕೆ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ದೂರದೂರಿನಿಂದ ಜನ ನಡೆಯಲೆಂದೇ ಬರುತ್ತಾರೆ. ಬುಡದಲ್ಲಿ ಹೊರಟಾಗ ಮುಂದಿನವರ ಬೆನ್ನು ಕಾಣದಷ್ಟು ಮಂಜು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ನೆತ್ತಿ ಚುರುಗುಟ್ಟುವ ಬಿಸಿಲು. ತುದಿ ಮುಟ್ಟುವ ಮೊದಲೇ ಮೂಡಗಾಳಿ ಎದ್ದು ಸೂಜಿಯಂತೆ ಚುಚ್ಚುವ ತುಂತುರು. ಆಗ ಎಲ್ಲರೂ ಓಡಿ ಸೇರುವುದು ಹೆಡೆಯಂತೆ ಮುಂದಕ್ಕೆ ಚಾಚಿದ ಒಂದು ಹೆಬ್ಬಂಡೆಯ ಅಡಿಗೆ. ಅದರ ಹೆಸರು ಮಾಳಮ್ಮ ಉಗಿದ ಬಂಡೆ.

ಹಿಂದೆ ಒಮ್ಮೆ ಈ ಸೀಮೆ ಕಂಚಿಗನಾಳಿನ ಪಾಳೆಯಗಾರ ಗಿರಿಯಪ್ಪನಾಯಕನ ಕೈಯಲ್ಲಿತ್ತು. ಚಳಿಗಾಲ ಬಂದರೆ ಅವನಿಗೆ ಗುಡ್ಡ ಸುತ್ತುವ ಷೋಕಿ. ಪಲ್ಲಕ್ಕಿ ಬಿಟ್ಟು ನಡೆದೇ ಹೋಗುವನು. ಇಬ್ಬನಿ ಕಂಡರೆ ನಿಂತು ಹೊಗಳುವನು. ಅವನ ಹಿಂದೆ ಹಣ್ಣಿನ ಬುಟ್ಟಿ, ನೀರಿನ ಗಿಂಡಿ, ತಾಂಬೂಲದ ತಟ್ಟೆ ಹೊತ್ತ ನಾಲ್ವರು ಆಳುಗಳು ಮತ್ತು ಕೊಡೆ ಹಿಡಿಯುವ ಮುದುಕ ಓಬಯ್ಯ. ಕರಿಗುಡ್ಡದ ಜಾಡು ಬಲ್ಲವಳು ನಾರುಬೇರು ಕಿತ್ತು ಬದುಕುತ್ತಿದ್ದ ಮಾಳಮ್ಮ ಒಬ್ಬಳೇ ಆದ್ದರಿಂದ ನಾಯಕ ಆ ಗುಡ್ಡಕ್ಕೆ ಹೊರಟ ವರ್ಷ ಅವಳಿಗೆ ಕರೆ ಬಂತು. ಹೊರಡುವ ದಿನ ಬೆಳಗ್ಗೆಯೇ ಅವಳು ಕೈಮುಗಿದು, “ಬುದ್ಧೀ, ಮೂಡಗಾಳಿ ಎದ್ದೈತೆ, ಇವತ್ತು ಬ್ಯಾಡ,” ಎಂದಳು. ನಾಯಕ ನಕ್ಕು ಮುಂದೆ ನಡೆದ.

ಮಳೆ ಹಿಡಿದಾಗ ಎಲ್ಲರೂ ಬಂಡೆಯಡಿ ಸೇರಿದರು. ದೊರೆಯ ರೇಷ್ಮೆಯ ಶಲ್ಯ ನೆನೆದು ಮೈಗಂಟಿತ್ತು. ಆ ಗುಂಪಿನಲ್ಲಿ ಇದ್ದದ್ದು ಒಂದೇ ಕಂಬಳಿ, ಓಬಯ್ಯನದು. ನಾಯಕ ಕೈ ಚಾಚಿದ, ಮುದುಕ ಬಿಚ್ಚಿ ಕೊಟ್ಟ. “ಥೂ, ಕುರಿ ನಾತ,” ಎನ್ನುತ್ತಲೇ ನಾಯಕ ಅದನ್ನು ಎರಡು ಸುತ್ತು ಹೊದ್ದುಕೊಂಡ. ಬಾಳೆಹಣ್ಣು ತಿಂದು ಕೈ ಒರೆಸಿದ್ದು ಅದಕ್ಕೆ, ಮೂಗು ಸೀಟಿ ಒರೆಸಿದ್ದೂ ಅದಕ್ಕೇ. ಒಳಗಿನ ಒಣ ಜಾಗದಲ್ಲಿ ದೊರೆ ಕಾಲು ನೀಡಿದ್ದರಿಂದ ಓಬಯ್ಯ ಎರಚಲು ಬಡಿಯುವ ಅಂಚಿನಲ್ಲಿ ಕೂತಿದ್ದ. ಅವನ ಹಲ್ಲು ಕಟಕಟ ಬಡಿಯುವುದು ಎಲ್ಲರಿಗೂ ಕೇಳುತ್ತಿತ್ತು.

“ಅಜ್ಜ ನಡುಗ್ತಾ ಅವ್ನೆ, ಬುದ್ಧಿ,” ಎಂದಳು ಮಾಳಮ್ಮ.

“ಮುದಿ ಮೈಗೆ ಚಳಿ ಹೊಸದೇನು?” ಎಂದ ನಾಯಕ.

ಬಹಳ ಹೊತ್ತಿನ ಮೇಲೆ ಹಲ್ಲಿನ ಸದ್ದು ನಿಂತಿತು. ಸದ್ಯ, ನಿದ್ದೆ ಹತ್ತಿತು ಎಂದು ಮಾಳಮ್ಮನಿಗೆ ಸಮಾಧಾನವಾಯಿತಂತೆ. ಅಷ್ಟರಲ್ಲಿ ಮೋಡ ಹರಿದು ಬಿಸಿಲು ಬಿತ್ತು. ನಾಯಕ ಕಂಬಳಿಯನ್ನು ಕಾಲಿನಿಂದ ಒದ್ದು ಎದ್ದ. ತನ್ನ ಕೈಯಾರೆ ತಾಂಬೂಲ ಮಡಿಸಿ ಮಾಳಮ್ಮನಿಗೆ ಕೊಟ್ಟ. ದೊರೆ ಕೊಟ್ಟ ತಾಂಬೂಲ ದೊಡ್ಡ ಮರ್ಯಾದೆ. ಅವಳು ಬಾಯಿಗಿಟ್ಟುಕೊಂಡಳು. ಲವಂಗ, ಪಚ್ಚಕರ್ಪೂರ, ಅಂಥ ರುಚಿ ಅವಳು ಕಂಡಿರಲೇ ಇಲ್ಲ. ಅಗಿಯುತ್ತಲೇ ಹೋಗಿ ಓಬಯ್ಯನ ಭುಜ ಅಲುಗಿಸಿದಳು. ಮುದುಕ ಕೂತ ಭಂಗಿಯಲ್ಲೇ ಪಕ್ಕಕ್ಕೆ ಉರುಳಿದ. ಮೈ ಕಲ್ಲಿನಷ್ಟು ತಣ್ಣಗಿತ್ತು.

ಆಳುಗಳು ಅಯ್ಯೋ ಎಂದರು. ನಾಯಕ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. “ಹೆಣ ಮುಟ್ಟಿದವರು ನನ್ನ ಹತ್ತಿರ ಬರಬೇಡಿ. ಆ ಹೊಲಸು ಕಂಬಳಿ ಅವನ ಮೇಲೇ ಎಸೆಯಿರಿ. ನಡೆಯಿರಿ, ಬಿಸಿಲಿರುವಾಗಲೇ ತುದಿ ನೋಡಬೇಕು.”

ಮಾಳಮ್ಮನಿಗೆ ಓಕರಿಕೆ ಬಂತು. ಹೇಸಿಗೆ ಅವನ ಮೇಲಷ್ಟೇ ಅಲ್ಲ. ಅವನ ಎಲೆ ಇನ್ನೂ ಸಿಹಿಯಾಗಿದ್ದ ತನ್ನ ನಾಲಿಗೆಯ ಮೇಲೂ. ಬಾಯಲ್ಲಿದ್ದಷ್ಟನ್ನೂ ಅವನ ಕಾಲ ಬುಡದ ಬಂಡೆಗೆ ಉಗಿದಳು. “ನಿನ್ನ ಎಲೆ ನನ್ನ ಬಾಯಿಗೆ ಬ್ಯಾಡ ಕಣೋ,” ಎಂದಳು.

ನಾಯಕನ ಕೈ ಬಾಕುವಿಗೆ ಹೋಯಿತು. ಆದರೆ ಕಣಿವೆಯಿಂದ ಮತ್ತೆ ಮಂಜು ಏರುತ್ತಿತ್ತು, ಇಳಿಯುವ ದಾರಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಅವನತ್ತ ತಿರುಗಿಯೂ ನೋಡದೆ ಕಂಬಳಿ ಹಾಸಿದಳು. ಆಳುಗಳು ಬುಟ್ಟಿ, ಗಿಂಡಿ, ತಟ್ಟೆ ಕೆಳಗಿಟ್ಟು ಓಬಯ್ಯನನ್ನು ಅದರಲ್ಲಿ ಮಲಗಿಸಿ ನಾಲ್ಕು ಮೂಲೆ ಹಿಡಿದರು. ಒಬ್ಬನೇ ಉಳಿಯಲು ಹೆದರಿದ ನಾಯಕ ತನ್ನ ಕೊಡೆಯನ್ನು ತಾನೇ ಹಿಡಿದು ಹೆಣದ ಹಿಂದೆ ಊರಿನವರೆಗೂ ನಡೆದ. ಅವಳನ್ನು ಅವನು ದಂಡಿಸಲಿಲ್ಲ. ದಂಡಿಸಿದ್ದರೆ ಆ ನಡಿಗೆಯ ಕಥೆ ಸಭೆಯಲ್ಲಿ ಹೇಳಬೇಕಾಗುತ್ತಿತ್ತು ಎನ್ನುತ್ತಾರೆ. ಮಾಳಮ್ಮ ಹಳ್ಳದಲ್ಲಿ ಏಳು ಸಲ ಬಾಯಿ ಮುಕ್ಕಳಿಸಿದಳಂತೆ. ಆದರೂ ಲವಂಗದ ವಾಸನೆ ಹೋಗಲಿಲ್ಲ ಎಂದು ಸಾಯುವವರೆಗೂ ಗೊಣಗುತ್ತಿದ್ದಳಂತೆ.

ಬಂಡೆಯ ಬುಡದಲ್ಲಿ ಅಂಗೈಯಗಲದ ಕೆಂಪು ಕಲೆ ಇಂದಿಗೂ ಇದೆ. ನೀರು ತಗುಲಿದರೆ ಹೊಸದಾಗಿ ಉಗಿದಂತೆ ಕಾಣುತ್ತದೆ. ಕಲ್ಲಿನಲ್ಲಿ ಕಬ್ಬಿಣವಿದೆ ಎಂದು ತಿಳಿದವರು ಹೇಳುತ್ತಾರೆ, ಊರಿನವರು ವಾದಿಸುವುದಿಲ್ಲ. ಮಳೆ ಬಂದಾಗ ಮಾತ್ರ, ಯಾರೇ ಇರಲಿ, ಗುಂಪಿನಲ್ಲಿ ವಯಸ್ಸಾದವರನ್ನು ಮೊದಲು ಒಳಗಿನ ಒಣ ಜಾಗಕ್ಕೆ ಕಳಿಸುತ್ತಾರೆ. ಅಂಚಿನಲ್ಲಿ ನಿಂತು ಮಂಜಿನ ಚೆಂದ ನೋಡುತ್ತೇನೆಂದು ಪಟ್ಟಣದ ಹಿರಿಯರಾರಾದರೂ ಹಟ ಹಿಡಿದರೆ, ಎರಡನೆಯ ಮಾತಾಡದೆ ರಟ್ಟೆ ಹಿಡಿದು ಎಳೆದು ಕೂರಿಸುತ್ತಾರೆ.